ಹಳೆಯ ಗಣಕಯಂತ್ರದಲ್ಲಿ ಮೌಸಿನ ದೋಷಗಳು: ಪತ್ತೆ ಮತ್ತು ಪರಿಹಾರ

ಗಣಕಯಂತ್ರದ ಬಿಡಿಭಾಗಗಳಲ್ಲಿ ಮೌಸ್ ಅತ್ಯಂತ ಅಗ್ಗವಾದವುಗಳ ಸಾಲಿಗೆ ಸೇರುತ್ತದೆ. ಆದರೂ ಅದೊಂದು ಕೈಕೊಟ್ಟರೆ ಇಡೀ ಯಂತ್ರವೇ ಕೆಟ್ಟುಹೋಯಿತೆಂದು ಭಾವಿಸುವವರೇ ಹೆಚ್ಚು. ಪರದೆಯ ಮೇಲಿನ ಬಾಣದ ಗುರುತು ನಿಂತಲ್ಲೇ ನಿಂತುಬಿಡುತ್ತದೆ, ಗುಂಡಿ ಒತ್ತಿದರೂ ಯಾವ ಕಡತವೂ ತೆರೆದುಕೊಳ್ಳುವುದಿಲ್ಲ. ಇಂತಹ ಹೊತ್ತಿನಲ್ಲಿ ಬಳಕೆದಾರರು ಅವಸರದಿಂದ ಕೈಗೊಳ್ಳುವ ಕ್ರಮಗಳಿಂದಾಗುವ ಹಾನಿಯು ಮೂಲ ದೋಷದಿಂದಾಗುವ ಹಾನಿಗಿಂತ ಎಷ್ಟೋ ಪಾಲು ದೊಡ್ಡದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು.

ಉದಾಹರಣೆಗೆ, ಮುಂಬಯಿಯ ಬಾಂದ್ರಾ ಪೂರ್ವದ ಒಂದು ಹಳೆಯ ಬಿಲ್ಡಿಂಗಿನಲ್ಲಿ ನೆಲೆಸಿರುವ ನಿವೃತ್ತ ಬ್ಯಾಂಕ್ ನೌಕರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಯೌವನದಲ್ಲಿ ಉಡುಪಿಯ ಕಡೆಯಿಂದ ನೌಕರಿಗಾಗಿ ಬಂದವರು; ತಮ್ಮ ಊರಿನವರ ಸಂಘಕ್ಕೆ ಬಹುಕಾಲ ಕಾರ್ಯದರ್ಶಿಯಾಗಿದ್ದವರು. ಸಂಘದ ಸದಸ್ಯರ ಪಟ್ಟಿ, ಸಭೆಗಳ ನಡವಳಿ, ಇಪ್ಪತ್ತು ವರ್ಷಗಳ ಸ್ಮರಣ ಸಂಚಿಕೆಗಳು ಎಲ್ಲವೂ ಅವರ ಮನೆಯ ಮೂಲೆಯಲ್ಲಿರುವ, ವಿಂಡೋಸ್ 98 ಅಳವಡಿಸಿದ ಗಣಕದಲ್ಲಿವೆ. ಜುಲೈ ತಿಂಗಳ ಒಂದು ಮಳೆಗಾಲದ ಸಂಜೆ ಮೌಸ್ ಚಲಿಸದೆ ನಿಲ್ಲುತ್ತದೆ. ಪಕ್ಕದ ಮನೆಯ ಹುಡುಗ ಬಂದು ನೋಡಿ, “ಅಂಕಲ್, ಒಂದ್ಸಲ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಬಿಡೋಣ, ಎಲ್ಲಾ ಸರಿಹೋಗುತ್ತೆ” ಎನ್ನುತ್ತಾನೆ. ಸಲಹೆಯ ಹಿಂದಿನ ಉದ್ದೇಶ ಒಳ್ಳೆಯದೇ. ಆದರೆ ಅದನ್ನು ಒಪ್ಪಿದಲ್ಲಿ ಇಪ್ಪತ್ತು ವರ್ಷಗಳ ಕೆಲಸ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ. ದೋಷವೋ, ಮೌಸಿನ ಹೊಟ್ಟೆಯೊಳಗೆ ಸುತ್ತಿಕೊಂಡ ಒಂದು ಎಳೆ ಕೂದಲಿನಲ್ಲಿ ಇದ್ದಿರಬಹುದು.

ಇಂತಹ ಹಳೆಯ ಯಂತ್ರವನ್ನು ಇಂದಿಗೂ ಏಕೆ ಇಟ್ಟುಕೊಳ್ಳಬೇಕು ಎಂದು ಕೇಳಬಹುದು. ವಿಂಡೋಸ್ 95ಕ್ಕೆ ಅದರ ತಯಾರಕರು ನೀಡುತ್ತಿದ್ದ ಬೆಂಬಲ 2001ರ ಡಿಸೆಂಬರ್ 31ರಂದೂ, ವಿಂಡೋಸ್ 98ಕ್ಕೆ ನೀಡುತ್ತಿದ್ದ ಬೆಂಬಲ 2006ರ ಜುಲೈ 11ರಂದೂ ಕೊನೆಗೊಂಡವು. ಆದರೆ ಕನ್ನಡದ ಬಳಕೆದಾರರಿಗೆ ಇಲ್ಲಿ ಒಂದು ವಿಶೇಷವಾದ ತೊಡಕಿದೆ. ವಿಂಡೋಸ್ ವ್ಯವಸ್ಥೆಯಲ್ಲಿ ಯೂನಿಕೋಡ್ ಕನ್ನಡಕ್ಕೆ ನೇರವಾದ ಆಸರೆ ದೊರೆತದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ. ‘ತುಂಗಾ’ ಎಂಬ ಅಕ್ಷರಶೈಲಿ ಬಂದದ್ದೂ ಅದರೊಡನೆಯೇ. ಅದಕ್ಕೆ ಮುನ್ನ ಕನ್ನಡದ ಬರಹವೆಲ್ಲ ಆಯಾ ತಂತ್ರಾಂಶದ ಸ್ವಂತ ಫಾಂಟುಗಳಲ್ಲಿ ಸಿದ್ಧವಾಗುತ್ತಿತ್ತು. ಈ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ಆದುದರಿಂದ ಅದೇ ಫಾಂಟು ಇಲ್ಲದ ಇನ್ನೊಂದು ಗಣಕದಲ್ಲಿ ಆ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಹಳೆಯ ಗಣಕವು ಒಂದು ಬಗೆಯಲ್ಲಿ ಆ ಬರಹದ ಬೀಗದ ಕೈ. ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರೊಳಗಿನದನ್ನು ಹೊರತೆಗೆಯಬೇಕು, ಹೊರತೆಗೆಯಲು ಮೌಸ್ ಓಡಬೇಕು. ಅಥವಾ ಮೌಸ್ ಇಲ್ಲದೆ ಕೆಲಸ ಮಾಡುವುದು ತಿಳಿದಿರಬೇಕು.

ಮೊದಲು ಕಡತ, ಅನಂತರ ಮೌಸ್

ಬಾಣದ ಗುರುತು ನಿಂತೊಡನೆ ಮಾಡಬೇಕಾದ ಮೊದಲ ಪರೀಕ್ಷೆ ಅತ್ಯಂತ ಸರಳವಾದುದು. ಕೀಲಿಮಣೆಯಲ್ಲಿ ‘ನಮ್ ಲಾಕ್’ ಎಂಬ ಕೀಲಿಯನ್ನು ಎರಡು ಮೂರು ಬಾರಿ ಒತ್ತಿ ನೋಡಬೇಕು. ಅದರ ಪುಟ್ಟ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರವು ಜೀವಂತವಾಗಿದೆ, ದೋಷ ಇರುವುದು ಮೌಸಿನಲ್ಲಿ ಅಥವಾ ಮೌಸಿಗೂ ಯಂತ್ರಕ್ಕೂ ನಡುವಣ ಸಂಪರ್ಕದಲ್ಲಿ ಎಂದು ತಿಳಿಯಬಹುದು. ದೀಪವೂ ಸ್ತಬ್ಧವಾಗಿದ್ದರೆ ಬಹುಮಟ್ಟಿಗೆ ಇಡೀ ವ್ಯವಸ್ಥೆಯೇ ಸ್ಥಗಿತಗೊಂಡಿದೆ. ಅಲ್ಲಿ ಮೌಸನ್ನು ದೂರುವುದು ನ್ಯಾಯವಲ್ಲ.

ದೀಪ ಹೊತ್ತುತ್ತಿದ್ದಲ್ಲಿ ಮುಂದಿನ ಕೆಲಸ, ತೆರೆದಿರುವ ಕಡತವನ್ನು ಉಳಿಸುವುದು. ಇದಕ್ಕೆ ಮೌಸಿನ ಅಗತ್ಯವಿಲ್ಲ. ‘ಕಂಟ್ರೋಲ್’ ಕೀಲಿಯನ್ನು ಒತ್ತಿಹಿಡಿದು ‘ಎಸ್’ ಒತ್ತಿದರೆ ಬಹುತೇಕ ತಂತ್ರಾಂಶಗಳಲ್ಲಿ ಕಡತ ಉಳಿಯುತ್ತದೆ. ಹಾಗಾಗದಿದ್ದರೆ ‘ಆಲ್ಟ್’ ಹಾಗೂ ‘ಎಫ್’ ಒತ್ತಿ ಫೈಲ್ ಪಟ್ಟಿಯನ್ನು ಇಳಿಸಿ, ಬಾಣದ ಕೀಲಿಗಳಿಂದ ‘ಸೇವ್’ ಎಂಬಲ್ಲಿಗೆ ಹೋಗಿ ‘ಎಂಟರ್’ ಒತ್ತಬಹುದು. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ‘ಆಲ್ಟ್’ ಮತ್ತು ‘ಟ್ಯಾಬ್’, ಕಿಟಕಿಯನ್ನು ಮುಚ್ಚಲು ‘ಆಲ್ಟ್’ ಮತ್ತು ‘ಎಫ್4’, ಕೆಳಗಿನ ‘ಸ್ಟಾರ್ಟ್’ ಪಟ್ಟಿಯನ್ನು ತೆರೆಯಲು ‘ಕಂಟ್ರೋಲ್’ ಮತ್ತು ‘ಎಸ್ಕೇಪ್’: ಇವಿಷ್ಟು ಗೊತ್ತಿದ್ದರೆ ವಿಂಡೋಸ್ 95 ಮತ್ತು 98ರಲ್ಲಿ ಗಣಕವನ್ನು ಕ್ರಮಬದ್ಧವಾಗಿ ಮುಚ್ಚುವುದು ಸಾಧ್ಯ. ಎಲ್ಲ ಕಿಟಕಿಗಳೂ ಮುಚ್ಚಿದ ಮೇಲೆ ಮತ್ತೊಮ್ಮೆ ‘ಆಲ್ಟ್’ ಮತ್ತು ‘ಎಫ್4’ ಒತ್ತಿದರೆ ಯಂತ್ರವನ್ನು ನಿಲ್ಲಿಸುವ ಕಿಟಕಿ ತೆರೆದುಕೊಳ್ಳುತ್ತದೆ. ವಿದ್ಯುತ್ತಿನ ಗುಂಡಿಯನ್ನು ನೇರವಾಗಿ ಆರಿಸುವುದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ವಿಂಡೋಸಿನ ರಚನಕಾರರು ಮೌಸ್ ಬಳಸಲಾಗದ ಅಂಗವಿಕಲರನ್ನು ಗಮನದಲ್ಲಿರಿಸಿ ಇನ್ನೊಂದು ಸೌಲಭ್ಯವನ್ನು ಕಲ್ಪಿಸಿದ್ದಾರೆ. ಎಡಗಡೆಯ ‘ಆಲ್ಟ್’, ಎಡಗಡೆಯ ‘ಶಿಫ್ಟ್’ ಹಾಗೂ ‘ನಮ್ ಲಾಕ್’ ಈ ಮೂರನ್ನೂ ಒಟ್ಟಿಗೆ ಒತ್ತಿ, ಕೇಳಿದಾಗ ‘ಎಂಟರ್’ ಒತ್ತಿದರೆ ಕೀಲಿಮಣೆಯ ಬಲತುದಿಯಲ್ಲಿರುವ ಅಂಕಿಗಳೇ ಮೌಸಿನ ಕೆಲಸ ಮಾಡತೊಡಗುತ್ತವೆ. 8ನ್ನು ಒತ್ತಿದರೆ ಬಾಣ ಮೇಲಕ್ಕೂ, 2ನ್ನು ಒತ್ತಿದರೆ ಕೆಳಕ್ಕೂ, 4 ಮತ್ತು 6ನ್ನು ಒತ್ತಿದರೆ ಎಡಬಲಗಳಿಗೂ ಸರಿಯುತ್ತದೆ. 5 ಎಂಬುದು ಮೌಸಿನ ಗುಂಡಿಯನ್ನು ಒಮ್ಮೆ ಒತ್ತಿದಂತೆ, ಕೂಡಿಸುವ ಚಿಹ್ನೆ ಎರಡು ಬಾರಿ ಒತ್ತಿದಂತೆ. ಈ ಸೌಲಭ್ಯವನ್ನು ಯಂತ್ರದಲ್ಲಿ ಮೊದಲೇ ಅಳವಡಿಸಿರಬೇಕು ಎಂಬುದಷ್ಟೇ ನಿಬಂಧನೆ. ಗತಿ ನಿಧಾನ, ಆದರೆ ಕೆಲಸ ಕೆಡುವುದಿಲ್ಲ.

ಕೀಲಿಮಣೆಯನ್ನು ನಂಬಿ ಕೆಲಸ ಮಾಡುವುದು ಕನ್ನಡಿಗರಿಗೆ ಹೊಸತೇನಲ್ಲ. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಧ್ವನಿಯನ್ನನುಸರಿಸಿ ಕನ್ನಡ ಮೂಡಿಸುವ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅವರ ವಿನ್ಯಾಸವೇ ಮುಂದೆ ‘ನುಡಿ’ ತಂತ್ರಾಂಶದ ಕೀಲಿಮಣೆಗೂ ಆಧಾರವಾಯಿತು.

ಮೌಸಿನ ಒಳಗೆ ಏನಿದೆ?

ದೋಷವನ್ನು ಹುಡುಕುವವರಿಗೆ ಉಪಕರಣದ ರಚನೆ ಸ್ವಲ್ಪವಾದರೂ ತಿಳಿದಿರಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ನಿರ್ಮಿಸಿದ ಮೊದಲ ಮೌಸ್ ಒಂದು ಮರದ ಪೆಟ್ಟಿಗೆಯಾಗಿತ್ತು; ಅದರ ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಗಾಲಿಗಳಿದ್ದವು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಸಾರ್ವಜನಿಕ ಪ್ರದರ್ಶನ ನಡೆಯಿತು, 1970ರ ನವೆಂಬರಿನಲ್ಲಿ ಪೇಟೆಂಟ್ ದೊರೆಯಿತು. ಗಾಲಿಗಳ ಸ್ಥಾನದಲ್ಲಿ ಚೆಂಡು ಬಂದದ್ದು ಅನಂತರ. ಮನೆಬಳಕೆಯ ಗಣಕಗಳಲ್ಲಿ ಮೌಸ್ ವ್ಯಾಪಕವಾದುದು 1980ರ ದಶಕದಲ್ಲಿ, ಅದರಲ್ಲಿಯೂ 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕವು ಹೊರಬಂದ ಮೇಲೆ.

ನಮ್ಮ ಹಳೆಯ ಗಣಕಗಳ ಜೊತೆಗಿರುವುದು ಸಾಮಾನ್ಯವಾಗಿ ಚೆಂಡಿನ ಮೌಸ್. ಅದನ್ನು ಅಂಗಾತ ಮಾಡಿದರೆ ವೃತ್ತಾಕಾರದ ಮುಚ್ಚಳವೊಂದು ಕಾಣುತ್ತದೆ. ಒಳಗಿರುವ ಚೆಂಡು ರಬ್ಬರಿನ ಹೊದಿಕೆಯುಳ್ಳ ಉಕ್ಕಿನ ಗೋಲಿ. ಮೇಜಿನ ಮೇಲೆ ಅದು ಉರುಳುವಾಗ ಪಕ್ಕದಲ್ಲಿರುವ ಎರಡು ಸಣ್ಣ ಉರುಳೆಗಳನ್ನು ತಿರುಗಿಸುತ್ತದೆ. ಒಂದು ಉರುಳೆ ಎಡಬಲದ ಚಲನೆಯನ್ನು ಗ್ರಹಿಸಿದರೆ, ಇನ್ನೊಂದು ಮೇಲು ಕೆಳಗಿನ ಚಲನೆಯನ್ನು ಗ್ರಹಿಸುತ್ತದೆ. ಮೂರನೆಯದೊಂದು ಉರುಳೆ ಸ್ಪ್ರಿಂಗಿನ ನೆರವಿನಿಂದ ಚೆಂಡನ್ನು ಉಳಿದೆರಡರತ್ತ ಒತ್ತಿ ಹಿಡಿದಿರುತ್ತದೆ. ಪ್ರತಿಯೊಂದು ಉರುಳೆಯ ತುದಿಯಲ್ಲಿಯೂ ಸೀಳುಗಳುಳ್ಳ ತೆಳ್ಳನೆಯ ಚಕ್ರವಿರುತ್ತದೆ. ಚಕ್ರದ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಪುಟ್ಟ ದೀಪವೂ ಇನ್ನೊಂದು ಬದಿಯಲ್ಲಿ ಬೆಳಕನ್ನು ಗ್ರಹಿಸುವ ಸಾಧನವೂ ಇರುತ್ತವೆ. ಚಕ್ರ ತಿರುಗಿದಂತೆಲ್ಲ ಬೆಳಕು ಬಿಟ್ಟು ಬಿಟ್ಟು ಬೀಳುತ್ತದೆ. ಆ ಮಿಣುಕುಗಳನ್ನು ಎಣಿಸಿ ಬಾಣದ ಗುರುತು ಎಷ್ಟು ಸರಿಯಬೇಕೆಂಬುದನ್ನು ನಿರ್ಧರಿಸಲಾಗುತ್ತದೆ. ಗ್ರಾಹಕಗಳು ಜೋಡಿಯಾಗಿರುವುದರಿಂದ ಯಾವುದರ ಮೇಲೆ ಬೆಳಕು ಮೊದಲು ಬಿತ್ತೆಂಬುದನ್ನು ನೋಡಿ ಚಲನೆಯ ದಿಕ್ಕನ್ನೂ ತಿಳಿಯಬಹುದು.

ಈ ರಚನೆಯಿಂದಲೇ ಬಹಳ ಉಪಯುಕ್ತವಾದ ಒಂದು ಸೂತ್ರ ದೊರೆಯುತ್ತದೆ. ಬಾಣದ ಗುರುತು ಎಡಬಲಕ್ಕೆ ಸರಾಗವಾಗಿ ಸರಿದು, ಮೇಲು ಕೆಳಗೆ ಮಾತ್ರ ಸರಿಯದಿದ್ದರೆ, ಅಥವಾ ಇದಕ್ಕೆ ವಿರುದ್ಧವಾಗಿ ಆದರೆ, ದೋಷ ಮೌಸಿನ ಒಡಲಲ್ಲಿಯೇ ಇದೆ. ಚಾಲಕ ತಂತ್ರಾಂಶ ಕೆಟ್ಟಿದ್ದರೆ ಎರಡೂ ದಿಕ್ಕಿನ ಚಲನೆ ಒಟ್ಟಿಗೆ ಕೆಡುತ್ತಿತ್ತು. ಅರ್ಧ ಮಾತ್ರ ಕೆಡುವುದು ತಂತ್ರಾಂಶದ ಸ್ವಭಾವವಲ್ಲ. ಬಾಣವು ನೆಗೆನೆಗೆದು ಚಲಿಸುವುದು, ಒಂದೆಡೆ ಅಂಟಿಕೊಂಡು ಆಮೇಲೆ ತಟ್ಟನೆ ಸರಿಯುವುದು, ಇವೂ ಕೊಳೆಯ ಲಕ್ಷಣಗಳೇ. ನಮ್ಮ ಉದಾಹರಣೆಯ ಹಿರಿಯರು ಈ ಒಂದು ಪರೀಕ್ಷೆಯನ್ನು ಮಾಡಿದ್ದರೆ ಫಾರ್ಮ್ಯಾಟಿನ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಕೊಳೆ ಮತ್ತು ಕಡಲ ಗಾಳಿ

ಚೆಂಡು ತಾನು ಉರುಳಿದ ಮೇಜಿನ ಧೂಳನ್ನೆಲ್ಲ ಒಳಗೆ ಒಯ್ಯುತ್ತದೆ. ಅದಕ್ಕೆ ಅಂಗೈಯ ಬೆವರು ಹಾಗೂ ಎಣ್ಣೆಯ ಪಸೆ ಸೇರಿ, ಉರುಳೆಗಳ ನಡುಭಾಗದಲ್ಲಿ ಕಪ್ಪನೆಯ ಗಟ್ಟಿ ಬಳೆಯಂತಹ ಪಟ್ಟಿ ಕಟ್ಟಿಕೊಳ್ಳುತ್ತದೆ. ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ದಕ್ಷಿಣದಲ್ಲಿ ಮಾಹಿಮ್ ಖಾಡಿ ಇರುವ ಬಾಂದ್ರಾದಂತಹ ಸ್ಥಳದಲ್ಲಿ ಇದರ ಜೊತೆಗೆ ಉಪ್ಪು ಬೆರೆತ ಗಾಳಿಯೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವೂ ಸೇರುತ್ತವೆ. ಕಿಟಕಿಯ ಸರಳು ತುಕ್ಕು ಹಿಡಿಯುವ ಮನೆಯಲ್ಲಿ ಮೌಸಿನ ಪಿನ್ನುಗಳು ಹೊಳೆಯುತ್ತಿರಬೇಕೆಂದು ನಿರೀಕ್ಷಿಸುವಂತಿಲ್ಲ.

ಶುಚಿಗೊಳಿಸುವ ಕ್ರಮ ಹೀಗಿದೆ. ಮೊದಲು ಗಣಕವನ್ನು ಕ್ರಮವಾಗಿ ಮುಚ್ಚಬೇಕು. ಮೌಸನ್ನು ಅಂಗಾತ ಮಾಡಿ, ಮುಚ್ಚಳದ ಮೇಲೆ ಕೆತ್ತಿರುವ ಬಾಣದ ದಿಕ್ಕಿಗೆ ಅದನ್ನು ಎರಡು ಬೆರಳುಗಳಿಂದ ತಿರುಗಿಸಿದರೆ ಅದು ಬಿಡಿಸಿಕೊಳ್ಳುತ್ತದೆ. ಅಂಗೈಯನ್ನು ಅಡ್ಡ ಹಿಡಿದು ಮೌಸನ್ನು ಮಗುಚಿದರೆ ಚೆಂಡು ಕೈಗೆ ಬೀಳುತ್ತದೆ. ಅಡ್ಡ ಹಿಡಿಯದಿದ್ದರೆ ಅದು ಮಂಚದ ಕೆಳಗೆ ಹೋಗುವುದು ನಿಶ್ಚಿತ. ಚೆಂಡನ್ನು ಸಾಬೂನಿನ ಎಳೆನೀರಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಸಂಪೂರ್ಣ ಒಣಗಲು ಬಿಡಬೇಕು. ಸ್ಪಿರಿಟ್, ಥಿನ್ನರ್, ಪೆಟ್ರೋಲ್ ಇವು ಯಾವುವನ್ನೂ ಚೆಂಡಿಗೆ ತಾಗಿಸಬಾರದು. ರಬ್ಬರಿನ ಹೊದಿಕೆ ಕೆಡುತ್ತದೆ. ಉರುಳೆಗಳ ಮೇಲಿನ ಪಟ್ಟಿಯನ್ನು ಬೆರಳಿನ ಉಗುರಿನಿಂದ ಅಥವಾ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಬಹುದು. ಉರುಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸುತ್ತಲೂ ಕೆರೆಯಬೇಕು. ಒಂದೇ ಬದಿಯನ್ನು ಕೆರೆದು ಬಿಟ್ಟರೆ ಬಾಣದ ನೆಗೆತ ಇನ್ನೂ ಹೆಚ್ಚುತ್ತದೆ. ಉಳಿದ ಪಸೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಬಹುದು. ಉರುಳೆಯ ಅಚ್ಚಿಗೆ ಕೂದಲು ಸುತ್ತಿಕೊಂಡಿದ್ದರೆ ಚಿಮಟಿಗೆಯಿಂದ ಹೊರಗೆಳೆಯಬೇಕು. ಕೆರೆದ ಪುಡಿ ಒಳಗೆ ಉಳಿಯದಂತೆ ಮೌಸನ್ನು ಕೆಳಮುಖವಾಗಿ ಹಿಡಿದು ತಟ್ಟಿ, ಅನಂತರವೇ ಚೆಂಡನ್ನು ಹಿಂದಿರಿಸಬೇಕು.

ಗುಂಡಿಯ ದೋಷ ಬೇರೆ. ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುವುದು, ಅಥವಾ ಗಟ್ಟಿಯಾಗಿ ಒತ್ತಿದರಷ್ಟೇ ಕೆಲಸ ಮಾಡುವುದು, ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚು ಸವೆದಿರುವುದರ ಸೂಚನೆ. ಇದನ್ನು ಬದಲಿಸಲು ಬೆಸುಗೆಯ ಕೆಲಸ ಬೇಕಾಗುತ್ತದೆ. ಕೈಪಳಗಿಲ್ಲದವರು ಬೇರೆ ಮೌಸ್ ಕೊಳ್ಳುವುದೇ ಸರಿ.

ತಂತಿ, ಪ್ಲಗ್ಗು ಮತ್ತು ಪೋರ್ಟು

ಶುಚಿಗೊಳಿಸಿದ ಮೇಲೂ ಬಾಣ ಕದಲದಿದ್ದರೆ ಗಮನವನ್ನು ತಂತಿಯತ್ತ ಹರಿಸಬೇಕು. ಮೌಸಿನಿಂದ ತಂತಿ ಹೊರಡುವ ಜಾಗದಲ್ಲಿ ಅದು ಸದಾ ಬಳುಕುತ್ತಿರುವುದರಿಂದ ಒಳಗಿನ ಎಳೆ ತುಂಡಾಗುವುದು ಸಾಮಾನ್ಯ. ತಂತಿಯನ್ನು ಅಲ್ಲಿ ಕೊಂಚ ಬಾಗಿಸಿದಾಗ ಬಾಣ ಓಡಿ, ಬಿಟ್ಟಾಗ ನಿಂತರೆ ರೋಗದ ನೆಲೆ ಗೊತ್ತಾಯಿತೆಂದೇ ಅರ್ಥ.

ಹಳೆಯ ಗಣಕಗಳಲ್ಲಿ ಮೌಸಿನ ಪ್ಲಗ್ಗು ಎರಡು ಬಗೆಯದು. ಒಂಬತ್ತು ರಂಧ್ರಗಳ ಅಗಲವಾದ ಪ್ಲಗ್ಗಿನದು ಸೀರಿಯಲ್ ಮೌಸ್. ಆರು ಪಿನ್ನುಗಳ ದುಂಡನೆಯ ಪ್ಲಗ್ಗಿನದು ಪಿಎಸ್/2 ಮೌಸ್. 1987ರಲ್ಲಿ ಐಬಿಎಂ ಸಂಸ್ಥೆಯು ತನ್ನ ಪಿಎಸ್/2 ಗಣಕಗಳಲ್ಲಿ ಇದನ್ನು ತಂದುದರಿಂದ ಈ ಹೆಸರು. ಇವೆರಡರ ನಡುವಣ ಒಂದು ವ್ಯತ್ಯಾಸವನ್ನು ಎಲ್ಲರೂ ನೆನಪಿನಲ್ಲಿಡುವುದು ಅವಶ್ಯ. ಸೀರಿಯಲ್ ಮೌಸನ್ನು ಗಣಕ ನಡೆಯುತ್ತಿರುವಾಗ ಜೋಡಿಸಿದರೂ ಅಪಾಯ ವಿರಳ. ಪಿಎಸ್/2 ಪ್ಲಗ್ಗನ್ನು ಹಾಗೆ ಕಿತ್ತು ಜೋಡಿಸುವಂತಿಲ್ಲ. ಆ ಪೋರ್ಟಿಗೆ ಮುಖ್ಯಫಲಕದಿಂದ 5 ವೋಲ್ಟಿನ ವಿದ್ಯುತ್ತು ಹರಿಯುತ್ತಿರುತ್ತದೆ. ಪಿನ್ನುಗಳು ಓರೆಯಾಗಿ ತಾಗಿದರೆ ಫಲಕದ ಮೇಲಿನ ಸಣ್ಣ ಫ್ಯೂಸ್ ಸುಟ್ಟುಹೋಗಬಹುದು. ಅನೇಕ ಫಲಕಗಳಲ್ಲಿ ಕೀಲಿಮಣೆಗೂ ಮೌಸಿಗೂ ಒಂದೇ ಫ್ಯೂಸ್ ಇರುವುದರಿಂದ ಕೀಲಿಮಣೆಯೂ ಮೌಸೂ ಏಕಕಾಲದಲ್ಲಿ ಸತ್ತರೆ ಮೊದಲು ಇದನ್ನೇ ಶಂಕಿಸಬೇಕು. ಗಣಕವನ್ನು ಮುಚ್ಚಿದ ಮಾತ್ರಕ್ಕೆ ಈ ವಿದ್ಯುತ್ತು ಪೂರ್ತಿಯಾಗಿ ನಿಲ್ಲದಿರಬಹುದು. ಗೋಡೆಯ ಸ್ವಿಚ್ಚನ್ನೂ ಆರಿಸಿದ ಅನಂತರವೇ ಪ್ಲಗ್ಗನ್ನು ಮುಟ್ಟುವುದು ಕ್ಷೇಮ. ವಿಂಡೋಸ್ 95 ಕೂಡ, ಆರಂಭದಲ್ಲಿ ಮೌಸ್ ಕಾಣದಿದ್ದರೆ, ಸೀರಿಯಲ್ ಮೌಸನ್ನು ಈಗಲೇ ಜೋಡಿಸಬಹುದು, ಪಿಎಸ್/2 ಆದರೆ ಗಣಕವನ್ನು ಮೊದಲು ಆರಿಸಬೇಕು ಎಂಬ ಎಚ್ಚರಿಕೆಯನ್ನು ಪರದೆಯ ಮೇಲೆ ತೋರಿಸುತ್ತದೆ. ಬಹಳಷ್ಟು ಮಂದಿ ಅದನ್ನು ಓದುವುದಿಲ್ಲ.

ಪಿಎಸ್/2 ಕೀಲಿಮಣೆ ಹಾಗೂ ಮೌಸುಗಳ ಪ್ಲಗ್ಗುಗಳು ಆಕಾರದಲ್ಲಿ ಒಂದೇ. 1990ರ ದಶಕದ ಕೊನೆಯಿಂದೀಚಿನ ಯಂತ್ರಗಳಲ್ಲಿ ಮೌಸಿಗೆ ಹಸಿರು, ಕೀಲಿಮಣೆಗೆ ನೇರಳೆ ಬಣ್ಣ ಕೊಟ್ಟಿರುತ್ತಾರೆ. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಪುಟ್ಟ ಚಿತ್ರವೊಂದೇ ಗತಿ. ಧೂಳು ಒರೆಸಲು ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಎರಡೂ ಕೆಲಸ ಮಾಡದಿದ್ದರೆ ಅದಲುಬದಲಾಗಿವೆಯೇ ಎಂದು ನೋಡಬೇಕು. ಪಿನ್ನುಗಳಲ್ಲಿ ಯಾವುದಾದರೂ ಬಾಗಿದ್ದರೆ ಚಿಮಟಿಗೆಯಿಂದ ನಿಧಾನವಾಗಿ ನೆಟ್ಟಗೆ ಮಾಡಬಹುದು.

ಸೀರಿಯಲ್ ಮೌಸಿನಲ್ಲಿ ಇನ್ನೊಂದು ಸೋಜಿಗವಿದೆ. ಮೂರು ಗುಂಡಿಗಳ ಕೆಲವು ಅಗ್ಗದ ಮೌಸುಗಳ ಅಡಿಯಲ್ಲಿ ‘ಎಂಎಸ್’ ಮತ್ತು ‘ಪಿಸಿ’ ಎಂದು ಬರೆದಿರುವ ಚಿಕ್ಕ ಜಾರುಸ್ವಿಚ್ಚು ಇರುತ್ತದೆ. ಮೌಸ್ ಗಣಕಕ್ಕೆ ಕಳುಹಿಸುವ ಸಂದೇಶಕ್ಕೆ ಎರಡು ಪದ್ಧತಿಗಳಿವೆ: ಮೈಕ್ರೋಸಾಫ್ಟ್ ಪದ್ಧತಿಯಲ್ಲಿ ಒಂದೊಂದು ಸಂದೇಶವೂ ಮೂರು ಬೈಟುಗಳದು, ಮೌಸ್ ಸಿಸ್ಟಮ್ಸ್ ಪದ್ಧತಿಯಲ್ಲಿ ಐದು ಬೈಟುಗಳದು. ಧೂಳು ಒರೆಸುವಾಗ ಬಟ್ಟೆ ತಾಗಿ ಸ್ವಿಚ್ಚು ಜರುಗಿದರೆ ಐದನ್ನು ಮೂರೆಂದು ಓದುವ ಗಣಕಕ್ಕೆ ಎಲ್ಲವೂ ಅಪಾರ್ಥವಾಗಿ, ಬಾಣದ ಗುರುತು ಹುಚ್ಚೆದ್ದಂತೆ ಪರದೆಯ ಮೂಲೆಮೂಲೆಗೆ ಓಡತೊಡಗುತ್ತದೆ. ಒತ್ತದ ಗುಂಡಿ ಒತ್ತಿದಂತಾಗುತ್ತದೆ. ವೈರಸ್ಸಿನ ಕಾಟವೆಂದು ಹೆದರುವ ಮುನ್ನ ಈ ಸ್ವಿಚ್ಚನ್ನು ‘ಎಂಎಸ್’ ಕಡೆಗೆ ಜರುಗಿಸಿ ನೋಡಬೇಕು.

ಫೋನ್ ಹಚ್ಚಿದೊಡನೆ ಸಾಯುವ ಮೌಸ್

ವ್ಯವಸ್ಥೆಯೊಳಗಿನ ದೋಷಗಳಲ್ಲಿ ಅತ್ಯಂತ ಗೊಂದಲಕಾರಿಯಾದುದು ಮಾಡೆಮ್ ಮತ್ತು ಮೌಸುಗಳ ಕಲಹ. ಮುಂಬಯಿಯೂ ಸೇರಿದಂತೆ ನಾಲ್ಕು ಮಹಾನಗರಗಳಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ಆರಂಭಿಸಿತು. ಅನಂತರದ ವರ್ಷಗಳಲ್ಲಿ ಬಹಳಷ್ಟು ಮಂದಿ ತಮ್ಮ ಗಣಕದೊಳಗೆ ಮಾಡೆಮ್ ಕಾರ್ಡನ್ನು ಕೂರಿಸಿಕೊಂಡರು. ಅಲ್ಲಿಯವರೆಗೆ ಸರಿಯಾಗಿದ್ದ ಮೌಸ್, ಮಾಡೆಮ್ ಫೋನಿಗೆ ಕರೆ ಹಚ್ಚಿದೊಡನೆ ಕಲ್ಲಾಗುವುದು ಆಗ ಅನೇಕರಿಗೆ ಎದುರಾದ ತೊಂದರೆ.

ಇದರ ಕಾರಣ ಹೀಗಿದೆ. ಗಣಕದ ಒಂದೊಂದು ಸಾಧನವೂ ಸಂಸ್ಕಾರಕದ ಗಮನ ಸೆಳೆಯಲು ಒಂದೊಂದು ಕರೆಗಂಟೆಯನ್ನು ಬಳಸುತ್ತದೆ ಎಂದು ಭಾವಿಸಬಹುದು. ಸೀರಿಯಲ್ ಪೋರ್ಟುಗಳು ನಾಲ್ಕು, ಆದರೆ ಅವುಗಳಿಗೆ ಮೀಸಲಾದ ಗಂಟೆಗಳು ಎರಡೇ. ಕಾಮ್ 1 ಮತ್ತು ಕಾಮ್ 3 ಎಂಬವು 4ನೆಯ ಗಂಟೆಯನ್ನೂ, ಕಾಮ್ 2 ಮತ್ತು ಕಾಮ್ 4 ಎಂಬವು 3ನೆಯ ಗಂಟೆಯನ್ನೂ ಹಂಚಿಕೊಳ್ಳುತ್ತವೆ. ಮೌಸ್ ಕಾಮ್ 1ರಲ್ಲಿದ್ದು ಮಾಡೆಮನ್ನು ಕಾಮ್ 3ಕ್ಕೆ ಹೊಂದಿಸಿದ್ದರೆ ಇಬ್ಬರೂ ಒಂದೇ ಗಂಟೆಯನ್ನು ಬಾರಿಸುತ್ತಾರೆ. ಮಾಡೆಮ್ ಸುಮ್ಮನಿರುವವರೆಗೆ ಜಗಳವಿಲ್ಲ, ಅದು ಎಚ್ಚೆತ್ತೊಡನೆ ಮೌಸಿನ ಕರೆಗೆ ಉತ್ತರ ಸಿಗುವುದಿಲ್ಲ. ಮಾಡೆಮ್ ಕಾರ್ಡಿನ ಮೇಲಿನ ಜಂಪರುಗಳನ್ನು ಬದಲಿಸಿ ಅದನ್ನು ಕಾಮ್ 2 ಅಥವಾ ಕಾಮ್ 4ಕ್ಕೆ ಒಯ್ದರೆ ತಕರಾರು ಬಗೆಹರಿಯುತ್ತದೆ. ಅದಕ್ಕೂ ಹಿಂದಿನ ವಿಂಡೋಸ್ 3.1ರಲ್ಲಿ ಮೌಸನ್ನು ಕಾಮ್ 1 ಅಥವಾ ಕಾಮ್ 2ಕ್ಕೆ ಮಾತ್ರ ಜೋಡಿಸಲು ಸಾಧ್ಯ. ಪಿಎಸ್/2 ಮೌಸ್ 12ನೆಯದನ್ನು ಬಳಸುವುದರಿಂದ ಈ ಕಲಹದಿಂದ ದೂರ.

ಈಗಿನ ದಿನಗಳಲ್ಲಿ ಮಾಡೆಮ್ ಬಳಕೆ ಇಲ್ಲದಿದ್ದರೂ ಹಳೆಯ ಕಾರ್ಡು ಒಳಗೆ ಕುಳಿತೇ ಇರಬಹುದು. ಇಂತಹ ಘರ್ಷಣೆಯನ್ನು ವಿಂಡೋಸ್ 95 ಹಾಗೂ 98ರಲ್ಲಿ ಕಣ್ಣಾರೆ ನೋಡಬಹುದು. ‘ಕಂಟ್ರೋಲ್’ ಮತ್ತು ‘ಎಸ್ಕೇಪ್’ ಒತ್ತಿ, ‘ಸೆಟಿಂಗ್ಸ್’ ಮೂಲಕ ‘ಕಂಟ್ರೋಲ್ ಪ್ಯಾನೆಲ್’ ತೆರೆದು, ಬಾಣದ ಕೀಲಿಗಳಿಂದ ‘ಸಿಸ್ಟಂ’ ಎಂಬಲ್ಲಿಗೆ ಹೋಗಿ ‘ಎಂಟರ್’ ಒತ್ತಬೇಕು. ‘ಕಂಟ್ರೋಲ್’ ಮತ್ತು ‘ಟ್ಯಾಬ್’ ಒತ್ತಿದರೆ ‘ಡಿವೈಸ್ ಮ್ಯಾನೇಜರ್’ ಪುಟ ಬರುತ್ತದೆ. ‘ಟ್ಯಾಬ್’ ಒತ್ತುತ್ತ ಪಟ್ಟಿಯೊಳಗೆ ಹೋಗಿ ಮೌಸಿನ ಸಾಲಿಗೆ ಇಳಿದು ಬಲಬಾಣ ಒತ್ತಿದರೆ ಮೌಸಿನ ಹೆಸರು ಕಾಣುತ್ತದೆ. ಅದರ ಪಕ್ಕದಲ್ಲಿ ಹಳದಿ ವೃತ್ತದೊಳಗೆ ಉದ್ಗಾರ ಚಿಹ್ನೆ ಇದ್ದರೆ ಘರ್ಷಣೆ ಅಥವಾ ಚಾಲಕ ತಂತ್ರಾಂಶದ ದೋಷ ಇದೆಯೆಂದು ಅರ್ಥ. ಕೆಂಪು ಅಡ್ಡಗೀಟು ಇದ್ದರೆ ಆ ಸಾಧನವನ್ನು ನಿಷ್ಕ್ರಿಯಗೊಳಿಸಲಾಗಿದೆಯೆಂದು ಅರ್ಥ. ಆ ಹೆಸರಿನ ಮೇಲೆ ‘ಡಿಲೀಟ್’ ಒತ್ತಿ ಗಣಕವನ್ನು ಮರಳಿ ಆರಂಭಿಸಿದರೆ ವಿಂಡೋಸ್ ಮೌಸನ್ನು ಹೊಸದಾಗಿ ಗುರುತಿಸಿ ಚಾಲಕವನ್ನು ಮತ್ತೆ ಅಳವಡಿಸಿಕೊಳ್ಳುತ್ತದೆ. ಇದರಿಂದ ಕಡತಗಳಿಗೆ ಯಾವ ಹಾನಿಯೂ ಇಲ್ಲ. ಆದರೆ ವಿಂಡೋಸಿನ ಮೂಲ ತಟ್ಟೆಯನ್ನು ಅದು ಕೇಳಬಹುದಾದುದರಿಂದ ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಇನ್ನೊಂದು ಪರೀಕ್ಷೆ, ಗಣಕ ಆರಂಭವಾಗುವಾಗ ‘ಎಫ್8’ ಒತ್ತಿ ‘ಸೇಫ್ ಮೋಡ್’ ಆರಿಸಿಕೊಳ್ಳುವುದು. ಅಲ್ಲಿ ವಿಂಡೋಸ್ ಅತ್ಯಗತ್ಯವಾದ ಚಾಲಕಗಳನ್ನು ಮಾತ್ರ ಬಳಸುತ್ತದೆ. ಆ ಸ್ಥಿತಿಯಲ್ಲಿ ಮೌಸ್ ಓಡಿದರೆ ಮೌಸ್ ನಿರ್ದೋಷಿ. ಇತ್ತೀಚೆಗೆ ಸೇರಿಸಿದ ತಂತ್ರಾಂಶ ಅಥವಾ ಕಾರ್ಡನ್ನು ವಿಚಾರಿಸಬೇಕು.

ಹೊಸ ಮೌಸ್ ಕೊಳ್ಳುವಾಗ

ಮೇಲಿನ ಯಾವುದರಿಂದಲೂ ಗುಣ ಕಾಣದಿದ್ದಲ್ಲಿ ಮೌಸನ್ನೇ ಬದಲಿಸಬೇಕಾಗುತ್ತದೆ. ಬಾಂದ್ರಾದಿಂದ ಪಶ್ಚಿಮ ರೈಲ್ವೆಯ ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದರೆ, ಗಣಕದ ಬಿಡಿಭಾಗಗಳಿಗೆ ಹೆಸರಾದ ಲ್ಯಾಮಿಂಗ್ಟನ್ ರಸ್ತೆ ಸಮೀಪದಲ್ಲಿಯೇ ಇದೆ. ಹೋಗುವ ಮುನ್ನ ಯಂತ್ರದ ಹಿಂಬದಿಯ ಪೋರ್ಟನ್ನು ಸರಿಯಾಗಿ ನೋಡಿಕೊಂಡು, ಹಳೆಯ ಮೌಸನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದು ವಿವೇಕ.

ಇಂದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಯುಎಸ್‌ಬಿ ಮೌಸ್. ವಿಂಡೋಸ್ 98 ಅದನ್ನು ಗುರುತಿಸಬಲ್ಲದು. ವಿಂಡೋಸ್ 95ರ ಮೊದಲ ಆವೃತ್ತಿಗೂ ವಿಂಡೋಸ್ ಎನ್‌ಟಿ 4ಕ್ಕೂ ಆ ಶಕ್ತಿಯಿಲ್ಲ. ಯುಎಸ್‌ಬಿಯನ್ನು ಪಿಎಸ್/2ಕ್ಕೆ ಬದಲಿಸುವ ಹಸಿರು ಬಣ್ಣದ ಪುಟ್ಟ ಜೋಡಣೆಯನ್ನು ಅಂಗಡಿಯವರು ಕೊಡುವುದುಂಟು. ಅದರೊಳಗೆ ತಂತಿಗಳನ್ನು ಸೇರಿಸುವುದರ ಹೊರತು ಬೇರೇನೂ ಇಲ್ಲ. ಎರಡು ಪದ್ಧತಿಗಳನ್ನೂ ಬಲ್ಲ ಮೌಸಿಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಆದಕಾರಣ ಅಂಗಡಿಯಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಚೆಂಡಿಲ್ಲದ, ಕೆಂಪು ಬೆಳಕಿನ ಆಪ್ಟಿಕಲ್ ಮೌಸ್ 1999ರಿಂದೀಚೆಗೆ ಮನೆಬಳಕೆಗೆ ವ್ಯಾಪಕವಾಗಿ ಬಂದಿತು. ಅದು ಮೇಜಿನ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ನೂರಾರು ಬಾರಿ ತೆಗೆದು ಹೋಲಿಸುತ್ತದೆ. ಅದಕ್ಕೆ ಕೊಳೆಯ ಕಾಟ ಕಡಮೆ, ಆದರೆ ಗಾಜಿನ ಮೇಜಿನ ಮೇಲೆ ಅದು ಕುರುಡು. ಒಂದು ಹಾಳೆ ಬಿಳಿ ಕಾಗದವನ್ನು ಅಡಿಗೆ ಹಾಸಿದರೆ ಸಾಕು.

ಮೌಸ್ ಓಡತೊಡಗಿದ ದಿನವೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಸಂಘದ ಹಳೆಯ ಸಂಚಿಕೆಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಕಡತದ ಜೊತೆಗೆ ವಿಂಡೋಸಿನ ‘ಫಾಂಟ್ಸ್’ ಕೋಶದಲ್ಲಿರುವ ಆ ಕನ್ನಡ ಫಾಂಟನ್ನೂ ನಕಲು ಮಾಡಿಕೊಳ್ಳುವುದನ್ನು ಮರೆಯಬಾರದು. ಫಾಂಟಿಲ್ಲದ ಕಡತ ಮುಂದೆ ಯಾರಿಗೂ ಓದಲು ಬಾರದು. 1.44 ಮೆಗಾಬೈಟಿನ ಫ್ಲಾಪಿಯಲ್ಲಿ ಚಿತ್ರಗಳಿರುವ ಸಂಚಿಕೆ ಹಿಡಿಯುವುದಿಲ್ಲ, ಮುಂಬಯಿಯ ತೇವದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುವುದೂ ಉಂಟು. ವಿಂಡೋಸ್ 98 ಪೆನ್ ಡ್ರೈವನ್ನು ತಾನಾಗಿ ಗುರುತಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಚಾಲಕ ಬೇಕು. ಇದೆಲ್ಲ ತೊಡಕೆನಿಸಿದರೆ ತಿಳಿದವರಿಂದ ಹಾರ್ಡ್ ಡಿಸ್ಕನ್ನು ಹೊರತೆಗೆಸಿ, ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಸಾಧನದ ಮೂಲಕ ಹೊಸ ಗಣಕಕ್ಕೆ ಜೋಡಿಸಿ ಎಲ್ಲವನ್ನೂ ಒಮ್ಮೆಗೇ ನಕಲು ಮಾಡಿಸುವುದು ಹೆಚ್ಚು ಸುಲಭ.

ಯಂತ್ರವನ್ನು ಇಡುವ ಜಾಗವನ್ನೂ ಇದೇ ಸಮಯದಲ್ಲಿ ಪರಿಶೀಲಿಸಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ಉಕ್ಕಿ ಬಾಂದ್ರಾ ಪೂರ್ವದ ತಗ್ಗುಪ್ರದೇಶಗಳು ಜಲಾವೃತವಾದವು. ಅಂತಹ ಮಳೆಯಲ್ಲಿ ಮೇಜಿನ ಮೇಲಿರುವ ಮೌಸ್ ಮತ್ತು ಪರದೆಗಳಿಗಿಂತ ಮೊದಲು ಮುಳುಗುವುದು ನೆಲದ ಮೇಲೆ ಇಟ್ಟ ಗಣಕದ ಪೆಟ್ಟಿಗೆ, ಅದರೊಡನೆ ಹಾರ್ಡ್ ಡಿಸ್ಕು. ನೆಲಮಹಡಿಯ ಮನೆಗಳಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಕ್ಕೆ ಏರಿಸಿ, ಮೌಸಿನ ತಂತಿ ಜಗ್ಗದಷ್ಟು ಸಮೀಪದಲ್ಲಿ ಇರಿಸಬೇಕು.

ಕೆಟ್ಟ ಮೌಸನ್ನು ಮನೆಯ ಕಸದೊಡನೆ ಎಸೆಯುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಗಣಕವೂ ಅದರ ಬಿಡಿಭಾಗಗಳೂ ಸೇರುತ್ತವೆ. ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ಒಪ್ಪಿಸುವ ಮುನ್ನ ಚೆಂಡನ್ನೂ ಮುಚ್ಚಳವನ್ನೂ ಬಿಚ್ಚಿ ಒಂದು ಡಬ್ಬಿಯಲ್ಲಿ ಎತ್ತಿಟ್ಟುಕೊಂಡರೆ, ಅದೇ ಮಾದರಿಯ ಇನ್ನೊಂದು ಮೌಸಿಗೆ ಅವು ಮುಂದೆ ಒದಗಬಹುದು.